ಕಾರ್ಪೆಟ್ ಮೇಲೆ ಸಾಸಿವೆ

ಮೀರಜ ಪೇಟೆಯಲ್ಲಿ ನಮ್ಮ ಮಾವಶಿಯನ್ನು, ಎಂದರೆ ನನ್ನ ತಾಯಿಯ ತಂಗಿಯನ್ನು, ಗುರುತಿಸುವುದು ಬಲು ಸುಲಭ. ಏನೋ ಕಳೆದುಕೊಂಡವರಂತೆ ನೆಲ ನೋಡುತ್ತ ಯಾರಾದರೂ ನಡೆಯುತ್ತಿದ್ದರೆ ಅವಳೇ ಮಾವಶಿ. ಕಳೆದದ್ದೇನೂ ಇಲ್ಲ, ಕಾಲಡಿ ಇರುವೆ ಸಿಗಬಾರದು, ಅಷ್ಟೇ. ಜೈನರಾದ ನಮ್ಮಲ್ಲಿ ಜೀವದಯೆ ಎಲ್ಲರಿಗೂ ಉಂಟು, ಆದರೆ ಇವಳಿಗೆ ಇರುವೆಗಳ ಜೊತೆ ನೆಂಟಸ್ತನವೇ ಉಂಟು! ನಾನು ಚಿಕ್ಕವನಿದ್ದಾಗ ಅಡುಗೆಮನೆಯಲ್ಲಿ ಇರುವೆ ಸಾಲು ದಾಟುವ ತನಕ ನಿಂತೇ ಇರುತ್ತಿದ್ದಳು, ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಸರಿ.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಅವಳ ಪಕ್ಕದ ಮನೆ ಮಾರಾಟಕ್ಕೆ ಬಂದಾಗ ಅದನ್ನು ಹೇಗಾದರೂ ಕೊಳ್ಳಲೇಬೇಕೆಂದು ನಿಶ್ಚಯಿಸಿದೆ. ಅದಕ್ಕೆ ನನ್ನ ಸಾಂಗ್ಲಿಯ ಮನೆ ಮೊದಲು ಮಾರಬೇಕು. ಪಕ್ಕದ ಮನೆಯವರು ದೀಪಾವಳಿಯ ತನಕ ಮಾತ್ರ ಕಾಯುವವರಿದ್ದರು.

“ಹಳೇ ಶಹಾಬಾದಿ ಕಲ್ಲು ಯಾರ್ ನೋಡ್ತಾರ್ರಿ? ಹೊರಗಿನ ಖೋಲಿಗೆ ಕಾರ್ಪೆಟ್ ಹಾಸ್ರಿ. ಗಿರಾಕಿ ಕಾಲಿಟ್ಟ ಕೂಡ್ಲೇ ಹೂಂ ಅಂತಾನ,” ಎಂದ ದಲ್ಲಾಳಿ. ಮಳೆ ಜೋರಾದರೆ ಕೃಷ್ಣೆ ತಾನೇ ಮನೆಯೊಳಗೆ ಬಂದು ಕ್ಷೇಮ ವಿಚಾರಿಸುವ ಊರಿನಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್! ಯೋಚಿಸಬೇಕಿತ್ತು. ಆದರೆ ಯೋಚನೆ ನನಗೆ ಒಗ್ಗಿದ್ದು ಯಾವಾಗ?

ಅಂಗಡಿಗೆ ಮಾವಶಿಯೂ ಬಂದಳು. ಅಂಗಡಿಯವನು ನೀಲಿ ಕಾರ್ಪೆಟ್ ಹಾಸಿ ಅದರ ಮೆತ್ತನೆಯ ಗುಣ ಹೊಗಳುತ್ತಿರುವಾಗಲೇ ಅವಳು ಸೊಂಟದ ಸಂಚಿ ಬಿಚ್ಚಿ, ಒಂದು ಚಿಟಿಕೆ ಸಾಸಿವೆ ತೆಗೆದು ಅದರ ಮೇಲೆ ಚೆಲ್ಲಿದಳು.

“ಇದೇನ್ರಿ ಕಾಕೂ?”

“ಪರೀಕ್ಷಾ. ಈಗ ಆರಿಸಿ ಕೊಡು, ನೋಡೂಣು.”

ಅವನು ಮೊಣಕಾಲೂರಿ ಹುಡುಕಿದ. ಅರ್ಧವೂ ಸಿಗಲಿಲ್ಲ.

“ಸಾಸಿವಿನೇ ಸಿಗವಲ್ದು, ಇರವಿ ಸಿಗತೈತೇನು? ಕಸಾ ಹೆಂಗ ಹೊಡೀಬೇಕು? ಇದು ನಪಾಸು.”

ಮೂರನೆಯ ಅಂಗಡಿ ಮುಟ್ಟುವಷ್ಟರಲ್ಲಿ ನಮ್ಮ ಸುದ್ದಿ ಮುಂದೆ ಹೋಗಿತ್ತು. ಅಲ್ಲಿಯವನು ನಮ್ಮನ್ನು ಕಂಡೊಡನೆ ಕಾರ್ಪೆಟ್ಟುಗಳನ್ನು ಸುತ್ತಿಟ್ಟು ಚಹಾ ಮಾತ್ರ ತರಿಸಿದ.

ನಾನೋ ಓದಿದವನು! ಅವಳಿಗೆ ತಿಳಿಸದೆ ಅದೇ ನೀಲಿ ಕಾರ್ಪೆಟ್ ಹಾಸಿಸಿದೆ. ಬರಿಗಾಲಲ್ಲಿ ಅದರ ಮೇಲೆ ಓಡಾಡಿ, ಇಂಥ ಮನೆಯನ್ನು ಯಾಕಪ್ಪಾ ಮಾರುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಂಡೆ.

ಗಿರಾಕಿಗಳು ಬಂದರು. ಹತ್ತಿರದ ಕಸಬೆ ಡಿಗ್ರಜ ಎಂಬ ಹಳ್ಳಿಯವರು, ನಮ್ಮ ಹಾಗೆಯೇ ಜೈನರು. ಮಗ, ಸೊಸೆ ಖುಷಿಯಿಂದ ಒಳಗೆ ಬಂದರು. ಮುದುಕಿ ತಾಯಿ ಮಾತ್ರ ಹೊಸ್ತಿಲಲ್ಲೇ ನಿಂತು ನೆಲ ನೋಡತೊಡಗಿದರು. ಆ ನೋಟವನ್ನು ನಾನು ಚಿಕ್ಕಂದಿನಿಂದ ಬಲ್ಲೆ!

“ಇದರಾಗ ಜೀವ ಇದ್ರ ಹೆಂಗ ಕಾಣ್ಬೇಕಪಾ?” ಎಂದವರೇ ಹಿಂತಿರುಗಿದರು. ಜೈನರಿಗೆ ಮನೆ ಮಾರಲು ಹೊರಟು ಇರುವೆಯನ್ನು ಮರೆತ ಜೈನ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಕಾರ್ಪೆಟ್ ಕಿತ್ತೆ. ಅವರನ್ನು ಕೈಮುಗಿದು ಮತ್ತೆ ಕರೆಸಿದೆ, ಮಾವಶಿಯನ್ನೂ ಕರೆತಂದೆ. ಅವಳು ಮುದುಕಿಯ ಎದುರಿಗೇ ತೊಳೆದ ಕಲ್ಲಿನ ಮೇಲೆ ಸಾಸಿವೆ ಚೆಲ್ಲಿ ಆರಿಸಲು ಕುಳಿತಳು. ಬಿಸಿಲು ಬಿದ್ದ ಕಲ್ಲಿನ ಮೇಲೆ ಒಂದೊಂದು ಕಾಳೂ ಎದ್ದು ಕಾಣುತ್ತಿತ್ತು. ಆದರೆ ಅವಳ ಬೆರಳು ಕಾಳಿಲ್ಲದ ಕಡೆ ತಡವರಿಸುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು, ಉಳಿದ ಕಾಳು ಆರಿಸಿ ಸದ್ದಿಲ್ಲದೆ ಅವಳ ಅಂಗೈಗೆ ಹಾಕಿದೆ.

“ನೆಲಾ ಚಲೋ ಐತಿ,” ಎಂದರು ಮುದುಕಿ. ಮನೆ ಮಾರಾಟವಾಯಿತು.

ಮೀರಜ ಬಸ್ಸಿನಲ್ಲಿ ಕೇಳಿದೆ: “ಕಣ್ಣು ಕಾಣವಲ್ದು ಅಂತ ಯಾಕ ಹೇಳ್ಲಿಲ್ಲ ಮಾವಶಿ? ಕಾಣದ ಮ್ಯಾಲ ತಲಿ ತಗ್ಗಿಸಿ ಯಾಕ ನಡೀತಿ?”

“ಕಾಣದಿದ್ರೂ ನೋಡ್ಬೇಕಲ್ಲೋ,” ಎಂದಳು.

ಈಗ ನಾನು ಅವಳ ಪಕ್ಕದ ಮನೆಯವನು. ಪೇಟೆಯಲ್ಲಿ ನಾನು ನೆಲ ನೋಡುತ್ತ ಮುಂದೆ, ನನ್ನ ಭುಜದ ಮೇಲೆ ಕೈಯಿಟ್ಟು ಅವಳು ಹಿಂದೆ. ಏನು ಕಳೆದುಕೊಂಡಿರಿ ಎಂದು ಜನ ನನ್ನನ್ನು ಕೇಳುತ್ತಾರೆ. “ನಿಲ್ಲು ಮಾವಶಿ, ಇರವಿ ಸಾಲು,” ಎಂದರೆ ಅವಳು ಎಷ್ಟು ಹೊತ್ತಾದರೂ ನಿಲ್ಲುತ್ತಾಳೆ. ಕೆಲವು ಸಲ ಅಲ್ಲಿ ಇರುವೆ ಇರುವುದಿಲ್ಲ. ಅವಳಿಗೆ ಏದುಸಿರು ಹತ್ತಿರುತ್ತದೆ, ಅಷ್ಟೇ.