ಇಟಲಿಯ ಬೈಕೂ ನನ್ನ ಅನುಮಾನವೂ

ಅನುಮಾನ ನನ್ನ ಹುಟ್ಟುಗುಣವಲ್ಲ. ಸಂಬಳ ಕೊಟ್ಟು ಕಲಿಸಿದ್ದು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಅರಿವಳಿಕೆ ವೈದ್ಯನಾಗಿದ್ದೆ, ಮೊದಲು ಮೈಸೂರಿನಲ್ಲಿ, ಆಮೇಲೆ ಐರ್ಲೆಂಡಿನಲ್ಲಿ. ಔಷಧಿಯ ಸೀಸೆ ಕೈಗೆತ್ತಿಕೊಂಡಾಗ ಒಮ್ಮೆ, ಸಿರಿಂಜಿಗೆ ಎಳೆಯುವಾಗ ಒಮ್ಮೆ, ರೋಗಿಗೆ ಕೊಡುವ ಮುನ್ನ ಒಮ್ಮೆ, ಹೀಗೆ ಮೂರು ಸಲ ಲೇಬಲ್ ಓದಬೇಕು. ಓದಿದ್ದೇನೆ ಎಂದು ಯಾರಾದರೂ ಹೇಳಿದರೆ ಅವರನ್ನು ನಂಬದೆ ಮತ್ತೆ ಓದಬೇಕು. ನಿವೃತ್ತಿಯ ಮರುದಿನದಿಂದ ಓದಲು ಸೀಸೆಗಳಿಲ್ಲವಾದ್ದರಿಂದ ಈ ವಿದ್ಯೆಯನ್ನು ಐರ್ಲೆಂಡಿನ ಟಾಲಾ ಎಂಬ ಊರಿನ ನಮ್ಮ ಮನೆಯ ಹಾಲಿನ ಡಬ್ಬಿ, ರವೆಯ ಪೊಟ್ಟಣಗಳ ಮೇಲೆ ಪ್ರಯೋಗಿಸತೊಡಗಿದೆ. ಹೆಂಡತಿ ವಿಮಲಾ ಕಾಫಿ ತಂದಿಟ್ಟರೆ ಮೊದಲು ಲೋಟದೊಳಗೆ ಇಣುಕುತ್ತೇನೆ. "ಕುಡೀರಿ, ಮಂಪರು ಬರೋ ಔಷಧಿ ಏನೂ ಹಾಕಿಲ್ಲ. ಹಾಕೋಹಾಗಿದ್ರೆ ಯಾವತ್ತೋ ಹಾಕ್ತಿದ್ದೆ" ಎನ್ನುತ್ತಾಳೆ.

ಇಂಥ ಮನುಷ್ಯ ಕೊಳ್ಳಬಾರದ ವಸ್ತು ಎಂದರೆ ಇಪ್ಪತ್ತೈದು ವರ್ಷ ಹಳೆಯ ಇಟಲಿಯ ಕೆಂಪು ಸ್ಪೋರ್ಟ್ಸ್ ಬೈಕು. ಅದನ್ನೇ ಕೊಂಡೆ. ನೋಡಲು ಸೊಗಸು, ಸದ್ದು ಕೇಳಿದರೆ ಮೈ ನವಿರೇಳುತ್ತದೆ, ಆದರೆ ಯಾವ ಗಳಿಗೆಯಲ್ಲಿ ಮೌನವ್ರತ ಹಿಡಿಯುತ್ತದೆ ಎಂದು ಹೇಳುವಂತಿಲ್ಲ. ಮೊದಲ ವರ್ಷದಲ್ಲೇ ಎರಡು ಸಲ ಟ್ರಕ್ಕಿನ ಬೆನ್ನೇರಿ ಮನೆಗೆ ಬಂತು. ಎರಡನೇ ಸಲ ಅಕ್ಕಪಕ್ಕದವರೆಲ್ಲ ಕಿಟಕಿಯಲ್ಲಿ ನಿಂತು ನೋಡಿದರು. ವಿಮಲಾ ಅವತ್ತು ಕೂಗಾಡಲಿಲ್ಲ. "ಮೂರನೇ ಸಲ ಟ್ರಕ್ ಹತ್ತಿದ್ರೆ ನಮ್ಮನೆ ಮುಂದೆ ಇಳಿಸೋದು ಬೇಡ. ಹಾಗೇ ಮುಂದಕ್ಕೆ, ಯಾರಿಗೆ ಬೇಕೋ ಅವರ ಮನೆಗೆ ಹೋಗ್ಲಿ" ಎಂದಳು. ಅವಳು ಮೆಲ್ಲಗೆ ಆಡಿದ ಮಾತನ್ನು ಇದುವರೆಗೆ ಹಿಂದಕ್ಕೆ ತೆಗೆದುಕೊಂಡಿಲ್ಲ.

ಈ ನವರಾತ್ರಿಯ ಹೊತ್ತಿಗೆ ಮಗಳು ಅನಘಾ ಲಿಮೆರಿಕ್‌ನಲ್ಲಿ ಹೊಸ ಮನೆಗೆ ಹೋದಳು. ಆಯುಧಪೂಜೆಯ ಮರುದಿನ ಶನಿವಾರ ಊಟಕ್ಕೆ ಕರೆದಳು. ವಿಮಲಾ ಕಾರಿನಲ್ಲಿ, ನಾನು ಬೈಕಿನಲ್ಲಿ ಎಂದು ಘೋಷಿಸಿಬಿಟ್ಟೆ. ಆಮೇಲೆ ನೋಡಿದರೆ ಬೈಕಿನ ಬೆಲ್ಟುಗಳ ಗಡುವು ಮುಗಿದಿತ್ತು. ಎಂಜಿನ್ನಿನ ಕವಾಟಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವುದು ಎರಡು ರಬ್ಬರ್ ಬೆಲ್ಟುಗಳು. ಓಡಿಸಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅವು ಸುತ್ತುವ ಚಕ್ರದ ಮೇಲೆ ಒಂದೆರಡು ಹಲ್ಲು ಆಚೀಚೆಯಾದರೂ ಕವಾಟಕ್ಕೆ ಪಿಸ್ಟನ್ ಬಡಿದು ಎಂಜಿನ್ ಕಥೆ ಮುಗಿಯುತ್ತದೆ.

ಬೆಲ್ಟು ಮಾರುವವನು ಇಟಲಿಯ ಒಂದು ಸಣ್ಣ ಊರಿನ ಮುದುಕ. ಹಿಂದೊಮ್ಮೆ ಅವನಿಂದ ತರಿಸಿದ ಕ್ಲಚ್ಚಿನ ಬಿಲ್ಲೆ ಬೇರೆ ಯಾವುದೋ ಬೈಕಿನದಾಗಿತ್ತು. ಹಾಗಾಗಿ ಈ ಸಲ ಹನ್ನೊಂದು ಪ್ರಶ್ನೆಗಳನ್ನು ಕ್ರಮಸಂಖ್ಯೆ ಹಾಕಿ ಕಳಿಸಿದೆ. ಹನ್ನೊಂದಕ್ಕೂ ಸೇರಿಸಿ ಒಂದೇ ಉತ್ತರ ಬಂತು: "ಡಾಕ್ಟರೇ, ಬೆಲ್ಟು ಚೆನ್ನಾಗಿದೆ." ಫೋಟೊ ಕೇಳಿದೆ. ಊಟದ ಮೇಜಿನ ಮೇಲೆ ಬೆಲ್ಟು, ಪಕ್ಕದಲ್ಲಿ ಅರ್ಧ ತಿಂದ ಪಾಸ್ತಾದ ತಟ್ಟೆ. ಫೋಟೊ ಯಾವತ್ತು ತೆಗೆದದ್ದು ಎಂದು ಕೇಳಿದೆ. ಈ ಸಲ ಬೆಲ್ಟನ್ನು ಗೋಡೆಯ ಕ್ಯಾಲೆಂಡರಿಗೆ ನೇತುಹಾಕಿ ಫೋಟೊ ಕಳಿಸಿದ. ಕೊನೆಗೆ ಪಾರ್ಸಲ್ ಬಂದಾಗ ತಯಾರಿಕೆಯ ತಿಂಗಳು ಸರಿಯಾಗಿಯೇ ಇತ್ತು. ಆದರೂ ಮೂಸಿ ನೋಡಿದೆ, ಮಡಿಸಿ ನೋಡಿದೆ.

ಹಾಕುವ ಕೆಲಸ ಡೆಕ್ಲನ್‌ನದು. ಪಕ್ಕದ ಕ್ಲಾಂಡಾಲ್ಕಿನ್‌ನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವನ ಗ್ಯಾರೇಜು; ನನ್ನ ಬೈಕನ್ನು ಮುಟ್ಟಲು ಒಪ್ಪುವ ಒಬ್ಬನೇ ಮೆಕ್ಯಾನಿಕ್. ಅವನ ಮಾತನ್ನೆಲ್ಲ ನಾನು ಕನ್ನಡಕ್ಕೆ ತಂದಿದ್ದೇನೆ, ‘ಗ್ರ್ಯಾಂಡ್’ ಒಂದನ್ನು ಬಿಟ್ಟು. ಚೆನ್ನಾಗಿದ್ದರೂ ಗ್ರ್ಯಾಂಡ್, ಪರವಾಗಿಲ್ಲ ಎನ್ನುವುದಕ್ಕೂ ಗ್ರ್ಯಾಂಡ್, ಇನ್ನು ಬಾಯಿ ಮುಚ್ಚಿ ಎನ್ನುವುದಕ್ಕೂ ಗ್ರ್ಯಾಂಡ್. ಇಂಥ ಪದದ ಮೇಲೆ ಯಾರು ಭರವಸೆ ಇಟ್ಟಾರು? ಗುರುವಾರ ಸಂಜೆ ಮನೆಗೇ ಬಂದು ಹೊಸ ಬೆಲ್ಟು ಕೂರಿಸಿದ. ಪ್ರತಿ ಚಕ್ರದ ಮೇಲೊಂದು, ಅದರ ಎದುರಿನ ಲೋಹದ ಮೇಲೊಂದು, ಮೇಣದ ಪೆನ್ಸಿಲಿನಿಂದ ಕೆಂಪು ಚುಕ್ಕೆ ಇಟ್ಟ. "ಚುಕ್ಕೆಗೆ ಚುಕ್ಕೆ ಎದುರಾಗಿದ್ರೆ ಗ್ರ್ಯಾಂಡ್, ಡಾಕ್. ಮುಚ್ಚಳ ತೆಗೆದೇ ಇರಲಿ. ಶನಿವಾರ ಒಂಬತ್ತಕ್ಕೆ ಬಂದು ಬಿಗಿ ನೋಡ್ತೀನಿ. ಅಲ್ಲೀವರೆಗೆ ಕೈ ಹಾಕ್ಬೇಡಿ" ಎಂದ. ಕೈ ಹಾಕಬೇಡಿ ಎಂದದ್ದೇ ನನಗೆ ಅನುಮಾನ ತಂದಿತು.

ಶುಕ್ರವಾರ ಆಯುಧಪೂಜೆ. ನಾನು ಬೆಳಿಗ್ಗೆ ಏಳಕ್ಕೆ ಹೊರಟು ಏಳೂ ಮುಕ್ಕಾಲಿಗೆ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಕಾರಿಗೆ, ಬೈಕಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೂಜೆಯಾಗಿತ್ತು. ಮಂಗಳಾರತಿ ತೆಗೆದುಕೊಂಡೆ. ಶನಿವಾರ ಎಂಟಕ್ಕೆ ನಮ್ಮ ಮನೆಯ ಗ್ಯಾರೇಜಿಗೆ ಹೋಗಿ ಹೂವು ತೆಗೆದು, ಟಾರ್ಚು ಹಿಡಿದು ಬಗ್ಗಿ ನೋಡಿದರೆ ಚುಕ್ಕೆಗೆ ಚುಕ್ಕೆ ಎದುರಾಗಿರಲಿಲ್ಲ. ಎರಡು ಹಲ್ಲು ಆಚೆ ಇತ್ತು. ನಾನು ಅಂದುಕೊಂಡಿದ್ದೇ ಆಗಿತ್ತು. ಕೂಡಲೇ ಡೆಕ್ಲನ್‌ಗೆ ಫೋನು ಮಾಡಿದೆ. ಎತ್ತಲಿಲ್ಲ. ಅವನ ಕೆಲಸದ ನ್ಯೂನತೆಗಳನ್ನು ಆರು ಅಂಶಗಳಲ್ಲಿ ವಿಂಗಡಿಸಿ ವಾಯ್ಸ್ ಮೆಸೇಜು ಬಿಟ್ಟೆ. ಆಮೇಲೆ ಬೆಲ್ಟು ಸಡಿಲಿಸಿ, ಚಕ್ರವನ್ನು ಎರಡು ಹಲ್ಲು ತಿರುಗಿಸಿ, ಚುಕ್ಕೆಗಳನ್ನು ಎದುರುಬದುರು ಮಾಡಿದೆ. ಪರೀಕ್ಷಿಸಲು ಸ್ಪ್ಯಾನರು ಹಾಕಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದರೆ ಅರ್ಧ ಸುತ್ತಿಗೆ ‘ಟಕ್’ ಎಂದು ನಿಂತಿತು. ಲೋಹಕ್ಕೆ ಲೋಹ ತಾಗಿದ ಸದ್ದು. ಸ್ಪ್ಯಾನರನ್ನು ಕೆಳಗಿಟ್ಟೆ.

ಡೆಕ್ಲನ್ ಒಂಬತ್ತಕ್ಕೆ ಸರಿಯಾಗಿ ತನ್ನ ಕಾರಿನಲ್ಲಿ ಬಂದ. "ಮೆಸೇಜು ಸಿಕ್ತು. ಎರಡನೇ ಪಾಯಿಂಟಿನ ತನಕ ಕೇಳಿದೆ" ಎಂದಷ್ಟೇ ಹೇಳಿ ಬಗ್ಗಿದ. ಚುಕ್ಕೆಯ ಮೇಲೆ ಬೆರಳಾಡಿಸಿದ. ಬೆರಳಿಗೆ ಪುಡಿ ಬಂತು. ಮೂಸಿದ.

"ಡಾಕ್, ಇದು ನನ್ನ ಪೆನ್ಸಿಲ್ ಅಲ್ಲ."

ಅವನಿಗೆ ಟೀ ತಂದಿದ್ದ ವಿಮಲಾ ಇಣುಕಿ ನೋಡಿ ನನಗೆ ಕನ್ನಡದಲ್ಲಿ ಹೇಳಿದಳು: "ಕುಂಕುಮ ರೀ ಅದು. ನಾನೇ ಇಟ್ಟೆ."

"ಅಲ್ಲಿಗೆ ಯಾಕೆ ಇಟ್ಟೆ?"

"ಚಕ್ರ ಅಂದ್ಮೇಲೆ ಚಕ್ರ ತಾನೆ? ಹೊರಗಿನ ಎರಡಕ್ಕೆ ಇಟ್ಟು ಒಳಗಿನವನ್ನ ಬಿಡೋಕಾಗುತ್ತಾ? ಏನೋ ಕೆಂಪಗೆ ಮೆತ್ತಿಕೊಂಡಿತ್ತು, ಚೆನ್ನಾಗಿ ಒರೆಸಿ ಇಟ್ಟೆ. ಮಂಗಳಾರತಿ ತಗೊಂಡ್ರಲ್ಲ, ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಕರ್ಪೂರದ ಉರಿಗೂ ಪೆಟ್ರೋಲ್ ಟ್ಯಾಂಕಿಗೂ ಎಷ್ಟು ಅಂತರವಿದೆ ಎಂದು ಅಳೆಯುತ್ತಿದ್ದೆ.

ಡೆಕ್ಲನ್‌ಗೆ ಇಂಗ್ಲಿಷಿನಲ್ಲಿ ವಿವರಿಸುವಾಗ ನನ್ನ ಸ್ವರ ಇಳಿದಿತ್ತು. ಅವನು ನಗಲಿಲ್ಲ. ಚಕ್ರಗಳನ್ನು ಸ್ವಸ್ಥಾನಕ್ಕೆ ತಂದು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿದ. ಎಲ್ಲೂ ತಾಗಲಿಲ್ಲ. "ಸ್ಪ್ಯಾನರಿನಲ್ಲಿ ಮೆಲ್ಲಗೆ ತಿರುಗಿಸಿದ್ದಕ್ಕೆ ಉಳೀತು. ಸ್ಟಾರ್ಟರ್ ಒತ್ತಿದ್ರೆ ಎಂಜಿನ್ನನ್ನ ಮೊರದಲ್ಲಿ ತುಂಬಬೇಕಿತ್ತು" ಎಂದ. ಬಿಗಿ ನೋಡಿ, ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿದ. ಬೈಕು ಗುಡುಗಿತು. "ಗ್ರ್ಯಾಂಡ್. ಹೊರಡಿ." ವಿಮಲಾ ಅವನನ್ನು ಗೇಟಿನವರೆಗೆ ಬಿಟ್ಟು ಬಂದಳು, ಅದಕ್ಕೆ ಐದು ನಿಮಿಷ ಬೇಕಾಯಿತು. ಆಮೇಲೆ ಕಾರು ಹತ್ತಿ ಹೊರಟಳು.

ಹತ್ತು ಗಂಟೆಗೆ ನಾನೂ ಹೊರಟೆ. ಹೈವೇ ಸೇರಿದ ಮೇಲೆ ಕನ್ನಡಿಯಲ್ಲಿ ಒಂದು ಬಿಳಿ ವ್ಯಾನು ಕಂಡಿತು. ನಿಧಾನಿಸಿದರೆ ಅದೂ ನಿಧಾನ, ವೇಗ ಹೆಚ್ಚಿಸಿದರೆ ಅದಕ್ಕೂ ವೇಗ. ಹಳೆಯ ಇಟಲಿಯ ಬೈಕುಗಳನ್ನು ಬಿಡಿಭಾಗಗಳಿಗಾಗಿ ಕದಿಯುವವರಿದ್ದಾರೆ ಎಂದು ಎಲ್ಲೋ ಓದಿದ್ದೆ. ಅರ್ಧ ದಾರಿಯ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದೆ. ವ್ಯಾನು ದೂರದ ಮೂಲೆಯಲ್ಲಿ ನಿಂತಿತು, ಯಾರೂ ಇಳಿಯಲಿಲ್ಲ. ಹೆಲ್ಮೆಟ್ ಕಳಚದೆ ಟೀ ಕುಡಿಯಲು ಯತ್ನಿಸಿ ಜಾಕೆಟ್ಟಿನ ಮೇಲೆ ಚೆಲ್ಲಿಕೊಂಡು ಮತ್ತೆ ಹೊರಟೆ. ಲಿಮೆರಿಕ್ ಬಂತು, ಮಗಳ ಬೀದಿ ಬಂತು, ವ್ಯಾನೂ ಬಂತು. ಗೇಟಿನ ಮುಂದೆ ನಿಂತ ಅದರಿಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಡೆಕ್ಲನ್ ಇಳಿದ. ಹಿಂದುಗಡೆ ಬೈಕು ಹತ್ತಿಸುವ ಹಲಗೆ, ಕಟ್ಟುವ ಪಟ್ಟಿ ಎಲ್ಲ ಸಿದ್ಧವಾಗಿದ್ದವು. "ನಿಮ್ಮನೆಯವರು ಊಟಕ್ಕೆ ಕರೆದ್ರು" ಎಂದ.

ಎಲೆಯ ಮುಂದೆ ಕೂತಾಗ, ಅವನಿಗೆ ಅರ್ಥವಾಗದ ಭಾಷೆ ನಮ್ಮದು ಎಂಬ ಧೈರ್ಯದಿಂದ ವಿಮಲಾಳನ್ನು ಕೇಳಿದೆ: "ಬೈಕಿನ ಮೇಲೆ ಅಷ್ಟೂ ನಂಬಿಕೆ ಇರಲಿಲ್ವಾ ನಿನಗೆ?"

"ಬೈಕಿನ ಮೇಲೆ ಇತ್ತು ರೀ. ನಾನು ಪೂಜೆ ಮಾಡಿದ್ದೆ, ಡೆಕ್ಲನ್ ರಿಪೇರಿ ಮಾಡಿದ್ದ. ದಾರಿ ಮಧ್ಯ ನಿಮಗೇನಾದ್ರೂ ಅನುಮಾನ ಬಂದು ಬಿಚ್ಚೋಕೆ ಶುರು ಮಾಡಿದ್ರೆ ಅಂತ ವ್ಯಾನ್ ತರೋಕೆ ಹೇಳ್ದೆ."

ನಾನು ಅನ್ನ ಕಲಸಿದೆ. ವಿಶ್ರಾಂತಿ ತಾಣದಲ್ಲಿ, ಟೀಗೆ ಮೊದಲು, ಬೆಲ್ಟಿನ ಮುಚ್ಚಳದ ಒಂದು ತಿರುಪನ್ನು ನಾನು ಸಡಿಲಿಸಿ ಮತ್ತೆ ಬಿಗಿ ಮಾಡಿದ್ದು ಡೆಕ್ಲನ್‌ಗೆ ವ್ಯಾನಿನೊಳಗಿಂದ ಕಂಡಿತೋ, ಕಂಡಿದ್ದರೆ ಅವಳಿಗೆ ಹೇಳಿದನೋ, ಇವತ್ತಿಗೂ ತಿಳಿದಿಲ್ಲ. ಎರಡನೇ ಸುತ್ತು ಒಬ್ಬಟ್ಟು ಬಡಿಸುವಾಗ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ ರೀತಿ ಮಾತ್ರ ನನಗೆ ಸರಿಕಾಣಲಿಲ್ಲ.