ತಲೆಯೊಳಗಿನ ನೀರು ಕಳೆದ ಲೆಕ್ಕ

ತಲೆಯಲ್ಲಿ ಏನೂ ಇಲ್ಲ ಎಂದು ಹೆಂಡತಿ ಅಂದರೆ ನಕ್ಕುಬಿಡಬಹುದು. ಡಾಕ್ಟರು ‘ಒಮ್ಮೆ ನೋಡಿಬಿಡೋಣ’ ಅಂದರೆ ನಗು ಬರುವುದಿಲ್ಲ. ಉಮರ್ಗಾದಲ್ಲಿ ನನ್ನದು ರೈತರ ಕಾಳುಕಡಿ ಮಾರಿಸಿಕೊಡುವ ಅಡತ್ ಅಂಗಡಿ. ದಾಳಿಂಬ ಎಂಬ ಊರಿನ ರೈತನ ಸೋಯಾಬೀನನ್ನು ನಾನು ಮರೆವಿನಲ್ಲಿ ಸಾಸ್ತೂರ ಊರಿನವನ ರಾಶಿಗೆ ಸುರಿಸಿದ ದಿನ ತಮ್ಮ ಬಸವರಾಜ, “ಅಣ್ಣಾ, ಇನ್ನ ನೀ ಮನ್ಯಾಗ ಆರಾಮ ಇರು, ಅಂಗಡಿ ಗಾದಿ ನಾ ನೋಡ್ಕೋತೀನಿ” ಅಂದ. ಇಷ್ಟು ಪ್ರೀತಿಯಿಂದ ಅವನು ಎಂದೂ ಮಾತಾಡಿದವನಲ್ಲ. ಹೆಂಡತಿ ಕಮಲಾ ಅಂತೂ ನನ್ನನ್ನು ಬೈಯುವುದನ್ನೇ ನಿಲ್ಲಿಸಿದಳು. ನನಗೆ ನಿಜವಾಗಿ ಭಯವಾದದ್ದು ಆಗ.

ಸೋಲಾಪುರದಲ್ಲಿ ಸ್ಕ್ಯಾನ್ ಆಯಿತು. ಬಸವರಾಜನ ಮಗಳು ಸುವರ್ಣಾ ಆ ಸ್ಕ್ಯಾನ್ ಸೆಂಟರಿನಲ್ಲೇ ಕೆಲಸದಲ್ಲಿದ್ದಾಳೆ. ಇದು ಬರೀ ಫೋಟೋ ಅಲ್ಲ, ಸ್ಪೆಕ್ಟ್ರೋಸ್ಕೋಪಿ. ಮೆದುಳಿನೊಳಗೆ ಪೇಢೆಯಷ್ಟು ಜಾಗ ಆರಿಸಿ ಅಲ್ಲಿ ಯಾವ ರಸಾಯನ ಎಷ್ಟಿದೆ ಎಂದು ಅಳೆಯುತ್ತಾರಂತೆ. ಮೊದಲ ಅಂಕಿ ಇರಬೇಕಾದದ್ದಕ್ಕಿಂತ ಕಡಿಮೆ ಬಂತು. ನನ್ನ ಗಾದಿ ಹೋಯಿತು ಅಂದುಕೊಂಡೆ.

“ತಡೀರಿ ದೊಡ್ಡಪ್ಪಾ, ಒಳಗ ನೀರು ಅದ. ಅದನ್ನ ಕಳೀಬೇಕು,” ಅಂದಳು ಸುವರ್ಣಾ.

ಕಾಳಿನ ತೇವ ನೋಡಿ ದರ ಇಳಿಸುತ್ತಲೇ ಹೊಟ್ಟೆ ಹೊರೆದವನು ನಾನು. “ಮೊದಲೇ ಕಮ್ಮಿ ಅದ, ಮ್ಯಾಲ ನೀರಿನ ಕಡತಾ ಅಂತ ಮತ್ತ ಮುರೀತೀಯೇನು? ಥೋಡಾ ಕಮ್ಮಿ ಮುರಿಯವ್ವಾ,” ಅಂದೆ. ನನ್ನ ಅಂಗಡಿಯಲ್ಲಿ ರೈತರು ಅನ್ನುವುದೂ ಇದೇ ಮಾತು.

ಅವಳು ನಕ್ಕು ಪರದೆ ತೋರಿಸಿದಳು. ಬೂದು ಭಾಗ, ಬಿಳಿ ಭಾಗ, ನೀರು ಎಂದು ಚಿತ್ರವನ್ನು ಮೂರು ಪಾಲು ಮಾಡಿದ್ದರು. “ಸೇರಿನ್ಯಾಗ ಅರ್ಧಾ ನೀರೇ ತುಂಬಿದ್ರ ತೊಗರಿ ಕಮ್ಮೀನೇ ಹಿಡೀತದ. ಅದು ತೊಗರಿ ತಪ್ಪೇನ್ರೀ? ನೀರಿನ ಜಾಗಾ ಬಿಟ್ಟು ಲೆಕ್ಕಾ ಹಾಕಿದ್ರ ಅಂಕಿ ಏರ್ತದ, ಇಳಿಯಂಗಿಲ್ಲ. ವಯಸ್ಸಾದಂಗ ನೀರು ಜಾಸ್ತಿ ಆಗೂದು ಇದ್ದದ್ದೇ.”

ನೀರು ಕಳೆದಂತೆ ದರ ಏರುವ ಪೇಟೆಯನ್ನು ನಾನು ಕಂಡದ್ದು ಅದೇ ಮೊದಲು. ಎಲ್ಲಾ ನೋಡಿದ ಡಾಕ್ಟರು, ವಯಸ್ಸಿಗೆ ತಕ್ಕ ಹಾಗೆ ಸರಿಯಾಗಿದೆ, ಗಮನವಿಟ್ಟು ಕೆಲಸ ಮಾಡಿ, ಅಂದರು. ಗಾದಿ ಉಳಿಯಿತು. ಸಂತೋಷಕ್ಕೆ ಕಣ್ಣು ತುಂಬಿ ಬಂತು.

ಮನೆಗೆ ಬಂದು ಕಮಲಾಳಿಗೆ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ರೋಗ ಇರಬೇಕಂತ ಇಷ್ಟು ದಿನಾ ಸುಮ್ಮಕಿದ್ದೆ,” ಅಂದವಳೇ ಎದುರಿಗೆ ಕುಳಿತು, ಮದುವೆಯಾದ ವರ್ಷದಿಂದ ನಾನು ಮರೆತದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು. ಅವುಗಳಲ್ಲಿ ಒಂದೂ ನನಗೆ ನೆನಪಿರಲಿಲ್ಲ. ಆದರೆ ತಲೆ ಸರಿಯಾಗಿದೆ ಎನ್ನುವ ರಿಪೋರ್ಟು ಅವಳ ಕೈಯಲ್ಲೇ ಇದ್ದುದರಿಂದ ಹಾಗೆ ಹೇಳುವಂತಿರಲಿಲ್ಲ.