ಗಾದಿ ಬೇಕೋ ಕಾಲು ಬೇಕೋ

ಯಾವ ಕಾಯಿಲೆಯೇ ಇರಲಿ, ಅದಕ್ಕೊಂದು ಮದ್ದು ಹೇಳದೆ ಸುಮ್ಮನಿರುವ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ನಾನೂ ಕಡಿಮೆಯವನಲ್ಲ. ಶಿಕಾರಿಪುರದ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಅರ್ಧ ತಾಲ್ಲೂಕಿನ ಹೊಟ್ಟೆನೋವಿಗೆ ಮದ್ದು ಹೇಳಿದವನು. ಅಂಥವನ ಬಲಪಾದವೇ ಮಾತು ಕೇಳುವುದನ್ನು ಬಿಟ್ಟಿತು. ಸಂತೆಯಿಂದ ಮನೆಗೆ ಬಂದಾಗ ನನ್ನಾಕೆ, "ಏನ್ರೀ, ಇನ್ನೊಂದು ಮೆಟ್ಟು ಎಲ್ಲಿ ಬಿಟ್ರಿ?" ಎಂದಳು. ಅದು ಜಾರಿ ಬಿದ್ದದ್ದೇ ನನಗೆ ಗೊತ್ತಾಗಿರಲಿಲ್ಲ. ಪಾದ ಎತ್ತಲು ನೋಡಿದೆ, ಜೋತುಬಿದ್ದೇ ಇತ್ತು. ನಿಜ ಹೇಳುತ್ತೇನೆ, ಹೆದರಿದೆ. ನಮ್ಮಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದವರು.

ಭಾವಮೈದ ಸೊರಬಕ್ಕೆ ಕರೆದೊಯ್ದು ಎಣ್ಣೆ ತಿಕ್ಕಿಸಿದ. ಆನವಟ್ಟಿಯ ಬೀಗರು ಕಷಾಯ ಕುಡಿಸಿದರು. ನಮ್ಮೂರ ಡಾಕ್ಟರು ಮಾತ್ರ ಪಾದಕ್ಕೆ ಗುಂಡುಸೂಜಿ ಚುಚ್ಚಿ ನೋಡಿ, "ಇದು ನರದ್ದು, ನನ್ನ ಕೈಲಾಗೋದಲ್ಲ. ಬೆಂಗಳೂರಾಗೆ ನರಕ್ಕೇ ಅಂತ ಓದಿದೋರು ಒಬ್ರು ಇದಾರೆ, ಹೋಗ್ರಿ" ಎಂದರು. ನನ್ನಾಕೆ ಕಣ್ಣೊರೆಸಿಕೊಂಡಳು. ಬೆಂಗಳೂರಿನಲ್ಲಿ ನರ ತೋರಿಸುವುದೆಂದರೆ ಹುಚ್ಚಾಸ್ಪತ್ರೆಯೇ ಎಂಬುದು ಊರಿನ ನಂಬಿಕೆ. "ತಲೆ ನೆಟ್ಟಗೈತೆ ಕಣೇ, ಕಾಲು ತೋರಿಸ್ಕೊಂಡು ಬರ್ತೀನಿ" ಎಂದು ಧೈರ್ಯ ಹೇಳಿ, ಗಾದಿಯನ್ನು ತಮ್ಮನಿಗೊಪ್ಪಿಸಿ ಹೊರಟೆ.

ಬೆಂಗಳೂರಿನ ಆ ಡಾಕ್ಟರು ಕುರ್ಚಿ ತೋರಿಸಿದರು. ಕೂತೆ. ಅವರು ನನ್ನ ಕಾಲುಗಳ ಕಡೆ ನೋಡಿ, "ದಿನಾ ಹೀಗೇ ಕೂತ್ಕೋತೀರಾ?" ಎಂದರು. ಬಗ್ಗಿ ನೋಡಿಕೊಂಡರೆ ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕಿದ್ದೆ! "ಮತ್ತೆ ಹೆಂಗ್ ಕೂರಬೇಕ್ರೀ?" ಎಂದೆ. ಅವರು ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿ, ಅದರ ಕೆಳಗೆ ಹೊರಮಗ್ಗುಲಲ್ಲಿ ಒತ್ತಿದಾಗ ಹಾರಿಬಿದ್ದೆ. "ಕಾಲು ಮಡಚಿ ಮಡಚಿ ಇಲ್ಲಿ ನರ ಒತ್ತಿಹೋಗಿದೆ. ಲಕ್ವ ಅಲ್ಲ. ಅಂಗಡೀಲಿ ಕುರ್ಚಿ ಹಾಕ್ಕೊಳ್ಳಿ, ಸರಿಹೋಗುತ್ತೆ."

ಬದುಕಿದೆ ಎನಿಸಿತು, ಜೊತೆಗೇ ಸಂಕಟ. ನಮ್ಮಲ್ಲಿ ಗಾದಿಯ ಮೇಲೆ ಕೂತವನೇ ಸಾವ್ಕಾರ. ಕುರ್ಚಿ ಹಾಕುವುದು ಅಮಲ್ದಾರರು ಬಂದರೆ ಮಾತ್ರ. ರೈಲಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ ಕಾಲನ್ನೇ ಆರಿಸಿಕೊಂಡೆ.

ಮಳೆಗಾಲ ಕಳೆಯುವಷ್ಟರಲ್ಲಿ ಪಾದ ಎದ್ದಿತು. ಈಗ ಅಂಗಡಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೊನ್ನೆ ಈಸೂರಿನ ಕಡೆಯ ರೈತರೊಬ್ಬರು ನನ್ನನ್ನು ದಾಟಿ ಒಳಗೆ ಹೋಗಿ, ಗಾದಿಯ ಮೇಲಿದ್ದ ತಮ್ಮನಿಗೆ ಕೈಮುಗಿದು, "ಸಾವ್ಕಾರ್ರೇ, ಬಾಗಲಾಗೆ ಪಾಪ ಯಾರೋ ಆಗ್ಲಿಂದ ಕಾಯಾಕತ್ತಾರೆ. ಮೊದ್ಲು ಅವರಿಗೆ ಬಟ್ಟೆ ತೋರಿಸ್ರಿ" ಎಂದರು. ಅಷ್ಟು ಒಳ್ಳೆಯ ಮನುಷ್ಯರಿಗೆ ಬೇಸರ ಮಾಡುವುದು ಹೇಗೆ? ಗಟ್ಟಿಯಾಗಿ ಹೆಜ್ಜೆಯಿಟ್ಟು ಒಳಗೆ ಹೋಗಿ ಒಂದು ಪಂಚೆಗೆ ಚೌಕಾಸಿ ಮಾಡಿದೆ. ತಮ್ಮ ಒಂದು ಕಾಸೂ ಇಳಿಸಲಿಲ್ಲ.